ಫುಟ್‌ಪಾತಿನ ಮೇಲಿನ ಮೂರು ಅಕ್ಷರ

ಹೋದ ವರ್ಷ ಮಗಳ ಎರಡನೇ ಬಾಣಂತನಕ್ಕೆಂದು ನಾವಿಬ್ಬರೂ ಕ್ಯಾಲಿಫೋರ್ನಿಯಾದ ಬರ್ಕ್‌ಲಿಗೆ ಹೋಗಿದ್ದೆವು. ಬಾಣಂತನ ಮಾಡಿದ್ದು ನನ್ನ ಹೆಂಡತಿ. ನನಗೆ ವಹಿಸಿದ್ದ ಕೆಲಸ ಒಂದೇ: ಬೆಳಿಗ್ಗೆ ಹತ್ತರ ಹೊತ್ತಿಗೆ ಹಿರಿಯ ಮೊಮ್ಮಗನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬರುವುದು. ಅಡುಗೆಮನೆಯ ಕಡೆ ನಾನು ಸುಳಿಯದಿರಲಿ ಅಂತ ಹೂಡಿದ ಉಪಾಯ ಅದು ಎಂಬ ಗುಮಾನಿ ನನಗೆ ಈಗಲೂ ಇದೆ. ಹೀಗೆ ಹೋಗುವಾಗ ಒಂದು ದಿನ ಗಾಡಿಯ ಮುಂದಿನ ಚಕ್ರ ಫುಟ್‌ಪಾತಿನ ಎರಡು ಕಾಂಕ್ರೀಟ್ ಹಾಸುಗಳ ಸಂದಿಗೆ ಸಿಕ್ಕಿಕೊಂಡಿತು. ಬಿಡಿಸಲು ಬಗ್ಗಿದಾಗ ಕಣ್ಣಿಗೆ ಬಿದ್ದದ್ದು ಕಾಂಕ್ರೀಟು ಹಸಿಯಿದ್ದಾಗಲೇ ಅಚ್ಚೊತ್ತಿದ್ದ ಮೂರು ಇಂಗ್ಲಿಷ್ ಅಕ್ಷರ: ಡಬ್ಲ್ಯು, ಪಿ, ಎ. ಜೊತೆಗೆ 1940 ಎಂಬ ಇಸವಿ. ನಮ್ಮಲ್ಲಿ ಬಸ್ ತಂಗುದಾಣದ ಮೇಲೆ ಶಾಸಕರ ಹೆಸರು ಬರೆಸುವ ಹಾಗೆ ಇದೂ ಯಾವನೋ ಕಂಟ್ರಾಕ್ಟರನ ಗುರುತಿರಬೇಕು ಅಂದುಕೊಂಡೆ. ಸಂಜೆ ಮಗಳು ಹೇಳಿದಳು: “ಅದು ನಿಮ್ಮ ಕಡೆಯ ಬರಗಾಲದ ಕೆಲಸ ಇದ್ದ ಹಾಗೆ ಅಪ್ಪಾ. ಕೆಲಸ ಕಳೆದುಕೊಂಡವರಿಗೆ ಸರ್ಕಾರ ಕೊಟ್ಟ ಕೆಲಸ.”

ಬರಗಾಲದ ಕೆಲಸ ಅಂದಮೇಲೆ ನನಗೆ ಹೆಚ್ಚು ವಿವರಿಸಬೇಕಾಗಿರಲಿಲ್ಲ. ನಾನು ಪಾವಗಡ ಸೀಮೆಯವನು. ಮಳೆ ಕೈಕೊಟ್ಟ ವರ್ಷ ರಸ್ತೆ ಬದಿಯಲ್ಲಿ ಕೂತು ಜಲ್ಲಿ ಒಡೆಯುವುದು, ಕೆರೆ ಏರಿಗೆ ಮಣ್ಣು ಹೊರುವುದು ನೋಡಿಕೊಂಡೇ ಬೆಳೆದವನು. ಎಪ್ಪತ್ತರ ದಶಕದ ಕೊನೆಯಲ್ಲಿ ‘ಕೂಲಿಗಾಗಿ ಕಾಳು’ ಬಂದಾಗ ನಮ್ಮೂರಲ್ಲಿ ಕೂಲಿಯ ಬದಲು ಗೋಧಿ ಅಳೆದು ಕೊಟ್ಟರು. ಮುದ್ದೆ ಉಣ್ಣುವವರಿಗೆ ಗೋಧಿ! ನಮ್ಮ ಬೀದಿಯ ಹೆಂಗಸರು ಅದನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಅಂಗಡಿಗೆ ಒಯ್ದು ಸಿಕ್ಕಷ್ಟಕ್ಕೆ ಮಾರಿ ರಾಗಿ ತರುತ್ತಿದ್ದರು. ಸರ್ಕಾರ ಕೊಟ್ಟದ್ದರಲ್ಲಿ ಕಾಲುಭಾಗ ಅಂಗಡಿಯವನ ಪಾಲು. ಈ ಗೋಧಿಯ ಮಾತಿಗೆ ಮತ್ತೆ ಬರುತ್ತೇನೆ.

ಗ್ಯಾರಂಟಿ ಯೋಜನೆ, ಉದ್ಯೋಗ ಖಾತರಿ ಇತ್ಯಾದಿ ಈ ಅಂಕಣದಲ್ಲಿ ಸುಳಿದಾಗಲೆಲ್ಲ ಎರಡು ಬಗೆಯ ಪತ್ರ ಬರುತ್ತವೆ. ಬಿಟ್ಟಿ ಹಂಚಿ ಉದ್ಧಾರವಾದ ಒಂದು ದೇಶ ತೋರಿಸಿ ಎಂದು ಒಬ್ಬರು. ಯಾಕೆ, ಮಹಾ ಕುಸಿತದ ಕಾಲದಲ್ಲಿ ಅಮೆರಿಕದ ರೂಸ್‌ವೆಲ್ಟ್ ಹಂಚಲಿಲ್ಲವೇ ಎಂದು ಇನ್ನೊಬ್ಬರು. ಉತ್ತರ ಬರೆಯುವುದನ್ನು ಮುಂದೂಡುತ್ತಲೇ ಬಂದಿದ್ದೆ. ಫುಟ್‌ಪಾತಿನ ಆ ಮೂರು ಅಕ್ಷರ ಬಿಡಲಿಲ್ಲ. ನನಗೆ ಕಾಣುವಂತೆ ಇಬ್ಬರೂ ಎರಡು ಬೇರೆ ಕೆಲಸಗಳನ್ನು ಒಂದೇ ಗಂಟು ಕಟ್ಟುತ್ತಾರೆ. ಹಸಿದವನಿಗೆ ಇವತ್ತು ಊಟ ಹಾಕುವುದು ಒಂದು. ಮುಚ್ಚಿದ ಕಾರ್ಖಾನೆಯ ಬೀಗ ತೆಗೆಸುವುದು ಇನ್ನೊಂದು. ಮೊದಲನೆಯದು ಪರಿಹಾರ, ಎರಡನೆಯದು ಚೇತರಿಕೆ. ಸೋಜಿಗವೆಂದರೆ ರೂಸ್‌ವೆಲ್ಟ್ ಕೂಡ ಇವೆರಡನ್ನೂ ಒಂದೇ ಗಂಟು ಕಟ್ಟಿದ್ದರು, ಮತ್ತು ಅದಕ್ಕೆ ದಂಡ ತೆತ್ತರು.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದದ್ದು ಎಲ್ಲರಿಗೂ ಗೊತ್ತು. ಆದರೆ ಜನ ಬೀದಿಗೆ ಬಿದ್ದದ್ದು ಅದೊಂದರಿಂದಲ್ಲ, ಆಮೇಲಿನ ಮೂರು ವರ್ಷ ಒಂದರ ಹಿಂದೊಂದು ಬ್ಯಾಂಕು ಮುಳುಗಿದ್ದರಿಂದ, ಬೆಲೆಗಳು ಇಳಿಯುತ್ತಲೇ ಹೋದದ್ದರಿಂದ. 1933ರ ಹೊತ್ತಿಗೆ ದುಡಿಯುವವರಲ್ಲಿ ನಾಲ್ವರಿಗೊಬ್ಬರಂತೆ ಸುಮಾರು 1.3 ಕೋಟಿ ಜನರಿಗೆ ಕೆಲಸವಿರಲಿಲ್ಲ. ನಿರುದ್ಯೋಗ ವಿಮೆಯಾಗಲಿ ವೃದ್ಧಾಪ್ಯ ವೇತನವಾಗಲಿ ರಾಷ್ಟ್ರ ಮಟ್ಟದಲ್ಲಿ ಇರಲಿಲ್ಲ. ಹಸಿದವರು ಹೋಗಬೇಕಾದದ್ದು ಚರ್ಚಿಗೆ, ಧರ್ಮಸಂಸ್ಥೆಗೆ, ಇಲ್ಲವೇ ಜಿಲ್ಲಾ ಕಚೇರಿಗೆ. ಎಷ್ಟೋ ಕಡೆ ತಾನು ನಿರ್ಗತಿಕನೆಂದು ಪ್ರಮಾಣ ಮಾಡಬೇಕಿತ್ತು. ಹೀಗೆ ಪ್ರಮಾಣ ಮಾಡಿದವನಿಗೆ ಮತದ ಹಕ್ಕಿಲ್ಲ ಎನ್ನುವ ರಾಜ್ಯಗಳೂ ಇದ್ದವು. ಆಗಿನ ಅಧ್ಯಕ್ಷ ಹೂವರ್ ಕಲ್ಲೆದೆಯವರೇನಲ್ಲ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಜನಕ್ಕೆ ಅನ್ನ ಮುಟ್ಟಿಸಿ ಹೆಸರಾದವರು. ಆದರೆ ಕೇಂದ್ರ ಸರ್ಕಾರ ತನ್ನ ಪ್ರಜೆಗೆ ನೇರವಾಗಿ ಕೈನೀಡಿದರೆ ಅವನ ಬೆನ್ನುಮೂಳೆ ಮೆತ್ತಗಾಗುತ್ತದೆ ಎಂಬುದು ಅವರ ನಂಬಿಕೆ. 1932ರಲ್ಲಿ ಬ್ಯಾಂಕು, ರೈಲು ಕಂಪನಿಗಳಿಗೆ ಸಾಲ ಕೊಡಲು ಒಂದು ನಿಗಮವನ್ನೇ ಮಾಡಿದರು. ಹಸಿದವರ ಪರಿಹಾರಕ್ಕೆಂದು ಆ ಬೇಸಿಗೆಯಲ್ಲಿ ಕೊಟ್ಟ 30 ಕೋಟಿ ಡಾಲರ್ ಕೂಡ ರಾಜ್ಯಗಳಿಗೆ ಸಾಲ. ಕೆಲಸ ಕಳೆದುಕೊಂಡವರು ಊರಾಚೆ ತಗಡು, ರಟ್ಟು ಜೋಡಿಸಿ ಕಟ್ಟಿಕೊಂಡ ಜೋಪಡಿಗಳಿಗೆ ಜನ ‘ಹೂವರ್‌ವಿಲ್’ ಎಂದೇ ಹೆಸರಿಟ್ಟರು.

ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದದ್ದು 1933ರ ಮಾರ್ಚ್ 4ರಂದು. ಅವರ ಮೊದಲ ಗೆಲುವಿಗೆ ಹೆಚ್ಚು ಖರ್ಚೇ ಆಗಲಿಲ್ಲ. ಎರಡೇ ದಿನದಲ್ಲಿ ದೇಶದ ಎಲ್ಲ ಬ್ಯಾಂಕು ಮುಚ್ಚಿಸಿದರು. 12ನೇ ತಾರೀಖು ಭಾನುವಾರ ರಾತ್ರಿ ರೇಡಿಯೊದಲ್ಲಿ ಕೂತು, ಬ್ಯಾಂಕು ನಿಮ್ಮ ಹಣವನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವುದಿಲ್ಲ, ಸಾಲ ಕೊಟ್ಟು ಓಡಾಡಿಸುತ್ತದೆ, ಎಲ್ಲರೂ ಒಟ್ಟಿಗೇ ಕೇಳಿದರೆ ಯಾವ ಬ್ಯಾಂಕಿನ ಬಳಿಯೂ ಇರುವುದಿಲ್ಲ ಎಂದು ಮನೆಮಂದಿಗೆ ಹೇಳುವಂತೆ ವಿವರಿಸಿದರು. ಸೋಮವಾರ ಗಟ್ಟಿ ಬ್ಯಾಂಕುಗಳು ಬಾಗಿಲು ತೆರೆದಾಗ ಜನ ಸಾಲಾಗಿ ನಿಂತದ್ದು ಹಣ ಕಟ್ಟಲು. ಆ ವರ್ಷವೇ ಠೇವಣಿ ವಿಮೆಯ ಕಾನೂನು ಬಂತು. 1934ರ ಜನವರಿಯಿಂದ 2,500 ಡಾಲರ್‌ವರೆಗಿನ ಠೇವಣಿಗೆ ಸರ್ಕಾರದ ಭದ್ರತೆ. ಇದೇ ಉಪಾಯ ನಮ್ಮಲ್ಲಿಗೆ ಬಂದದ್ದು ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು 1960ರಲ್ಲಿ ಮುಳುಗಿದ ಮೇಲೆ: 1962ರಲ್ಲಿ ₹1,500ಕ್ಕೆ ಶುರುವಾಗಿ ಈಗ ₹5 ಲಕ್ಷ. ನನ್ನ ಸ್ನೇಹಿತರೊಬ್ಬರ ನಿವೃತ್ತಿಯ ಗಂಟು ಸಹಕಾರಿ ಬ್ಯಾಂಕೊಂದರಲ್ಲಿ ಸಿಕ್ಕಿಬಿದ್ದಾಗ ಕೈಗೆ ಬಂದದ್ದು ಈ ಐದು ಲಕ್ಷ ಮಾತ್ರ. ಪಾಸ್‌ಬುಕ್ಕಿನ ಮೇಲಿನ ಆ ಸಣ್ಣ ಮುದ್ರೆಯನ್ನು ಅವರು ಅಲ್ಲಿಯವರೆಗೆ ಓದಿರಲೇ ಇಲ್ಲ.

ಆದರೆ ಬ್ಯಾಂಕು ತೆರೆದರೆ ಕಟ್ಟಲು ಹಣವಿದ್ದವನಿಗೆ ನೆಮ್ಮದಿ. ಇಲ್ಲದವನಿಗೆ? ಇಲ್ಲಿ ಬರುವವರು ಹ್ಯಾರಿ ಹಾಪ್ಕಿನ್ಸ್, ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಮನುಷ್ಯ. ಅಯೋವಾ ರಾಜ್ಯದವರು, ಕುದುರೆ ಜೀನು ಹೊಲಿಯುತ್ತಿದ್ದವರ ಮಗ, ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಸಮಾಜಸೇವೆ ಮಾಡಿ ಪಳಗಿದವರು. ಮೇ ತಿಂಗಳಲ್ಲಿ ಅವರ ಕೈಗೆ 50 ಕೋಟಿ ಡಾಲರ್ ಪರಿಹಾರ ನಿಧಿ ಕೊಟ್ಟರು. ಕಚೇರಿ ಇನ್ನೂ ಅಣಿಯಾಗಿರಲಿಲ್ಲ. ಕಾರಿಡಾರಿನಲ್ಲೇ ಮೇಜು ಹಾಕಿಸಿಕೊಂಡು ಮೊದಲ ಎರಡು ಗಂಟೆಯಲ್ಲಿ 50 ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ರಾಜ್ಯಗಳಿಗೆ ಮಂಜೂರು ಮಾಡಿದರು. ಸಾಲವಲ್ಲ, ಅನುದಾನ. ಈ ವೇಗದಲ್ಲಿ ಹೋದರೆ ತಿಂಗಳೊಳಗೆ ಬೊಕ್ಕಸ ಬರಿದು ಎಂದು ಪತ್ರಿಕೆಯವರು ಹುಯಿಲೆಬ್ಬಿಸಿದರು. ದೀರ್ಘಕಾಲದಲ್ಲಿ ಎಲ್ಲ ಸರಿಹೋಗುತ್ತದೆ ಎಂದ ಯಾರಿಗೋ, ಜನ ದೀರ್ಘಕಾಲದಲ್ಲಿ ಉಣ್ಣುವುದಿಲ್ಲ, ದಿನಾ ಉಣ್ಣುತ್ತಾರೆ ಅಂದರಂತೆ.

ಅವರ ಇನ್ನೊಂದು ಹಟ ನಗದಿನದು. ಅಲ್ಲಿಯವರೆಗೆ ಪರಿಹಾರವೆಂದರೆ ದಿನಸಿ ಚೀಟಿ. ಇಂಥ ಅಂಗಡಿಗೆ ಹೋಗು, ಇಷ್ಟು ಹುರುಳಿ, ಇಷ್ಟು ಹಿಟ್ಟು ತೆಗೆದುಕೋ ಎಂದು ಅಧಿಕಾರಿ ಬರೆದುಕೊಡಬೇಕು. ಮನೆಗೆ ಬಂದು ಡಬ್ಬ ತೆಗೆದು ನೋಡುವ ತಪಾಸಣೆ ಬೇರೆ. ನೆರೆಮನೆಯವರೆಲ್ಲ ನೋಡುತ್ತಿರುವಾಗ ಆ ಚೀಟಿ ಹಿಡಿದು ಅಂಗಡಿಯಲ್ಲಿ ನಿಲ್ಲುವುದಿದೆಯಲ್ಲ, ನಿನ್ನೆ ಮೊನ್ನೆಯವರೆಗೆ ಗುಮಾಸ್ತನೋ ಬಡಗಿಯೋ ಆಗಿದ್ದವನಿಗೆ ಹಸಿವಿಗಿಂತ ಅದೇ ದೊಡ್ಡ ನೋವು. ಲೊರೆನಾ ಹಿಕಾಕ್ ಎಂಬ ಪತ್ರಕರ್ತೆಯನ್ನು ಹಾಪ್ಕಿನ್ಸ್ ಊರೂರು ಸುತ್ತಿ ನೋಡಿದ್ದನ್ನು ನೋಡಿದ ಹಾಗೆ ಬರೆಯಲು ಕಳಿಸಿದ್ದರು. ಆಕೆಯ ವರದಿಗಳ ತುಂಬ ಇಂಥ ಮಾನ ಹೋದವರ ಸಂಕಟವೇ. ಬಡವನಿಗೆ ಏನು ಬೇಕೆಂದು ಬಡವನಿಗೇ ಗೊತ್ತು, ಹಣ ಕೊಡಿ ಎಂದು ಹಾಪ್ಕಿನ್ಸ್ ಪಟ್ಟು ಹಿಡಿದರು. ನಮ್ಮ ಬೀದಿಯ ಗೋಧಿ ನೆನಪಾಯಿತಲ್ಲ? 2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗದೆ ಅನ್ನಭಾಗ್ಯದ ಐದು ಕೆ.ಜಿ.ಗೆ ತಲಾ ₹170 ಖಾತೆಗೆ ಹಾಕಿದಾಗಲೂ ಇದೇ ಜಗಳ ಕೇಳಿಬಂತು: ಹಣ ಕೊಟ್ಟರೆ ಕುಡಿದುಬಿಡುತ್ತಾರೆ ಎಂದು. ಕುಡಿಯುವವನು ಅಕ್ಕಿ ಮಾರಿಯೂ ಕುಡಿಯುತ್ತಾನೆ ಎನ್ನುವುದು ನನ್ನ ಅನುಭವ.

1933ರ ಚಳಿಗಾಲ ಎದುರಿಗಿತ್ತು. ದೊಡ್ಡ ಸೇತುವೆ, ಅಣೆಕಟ್ಟುಗಳಿಗೆಂದು 330 ಕೋಟಿ ಡಾಲರಿನ ಇನ್ನೊಂದು ನಿಧಿ ಹೆರಾಲ್ಡ್ ಇಕ್ಕಿಸ್ ಎಂಬ ಮಂತ್ರಿಯ ಕೈಯಲ್ಲಿತ್ತು. ಇಕ್ಕಿಸ್ ಪರಮ ಪ್ರಾಮಾಣಿಕ. ಒಂದು ಡಾಲರೂ ಸೋರಬಾರದೆಂದು ಪ್ರತಿ ಕಡತವನ್ನೂ ಸೋಸುವವರು. ಗ್ರ್ಯಾಂಡ್ ಕೂಲಿಯಂಥ ಅಣೆಕಟ್ಟು ಅವರ ಲೆಕ್ಕದಲ್ಲಿ ಎದ್ದದ್ದು ನಿಜ. ಆದರೆ ಕಡತ ಸೋಸಿ ಮುಗಿಯುವಷ್ಟರಲ್ಲಿ ಹಿಮ ಬೀಳುತ್ತದೆ. ಹಾಪ್ಕಿನ್ಸ್ ಆ ನಿಧಿಯಿಂದಲೇ ಹಣ ಎತ್ತಿ ನವೆಂಬರಿನಲ್ಲಿ ಒಂದು ಯೋಜನೆ ಶುರುಮಾಡಿ, ಜನವರಿ ನಡುವಿಗೆ 42 ಲಕ್ಷ ಜನರನ್ನು ಕೆಲಸಕ್ಕೆ ಹಚ್ಚಿದರು. ಅರ್ಧದಷ್ಟು ಜನ ಪರಿಹಾರದ ಪಟ್ಟಿಯಿಂದ. ಉಳಿದರ್ಧ ಬರೀ ಕೆಲಸವಿಲ್ಲದವರು, ಬಡತನದ ಪ್ರಮಾಣ ಕೇಳುವಂತಿಲ್ಲ. ಶಾಲೆಗೆ ಸುಣ್ಣಬಣ್ಣ, ರಸ್ತೆ ರಿಪೇರಿ, ಚರಂಡಿ, ಆಟದ ಬಯಲು. ನಾನು ಮೊಮ್ಮಗನನ್ನು ಒಯ್ಯುತ್ತಿದ್ದ ಬರ್ಕ್‌ಲಿಯ ಗುಲಾಬಿ ತೋಟದ ಕಲ್ಲಿನ ಮೆಟ್ಟಿಲುಗಳೂ ಇಂಥ ಕೆಲಸದವೇ. ಮಾರ್ಚಿಗೆ ರೂಸ್‌ವೆಲ್ಟ್ ಇದನ್ನು ನಿಲ್ಲಿಸಿಬಿಟ್ಟರು. ದುಬಾರಿಯಾಯಿತು, ಜನಕ್ಕೆ ರೂಢಿಯಾದರೆ ಕಷ್ಟ ಎಂಬ ಭಯ. ಬಿಟ್ಟಿಯ ಹರಿಕಾರನೆಂದು ನಮ್ಮ ಪತ್ರದಾರರು ಎತ್ತಿ ತೋರಿಸುವ ಇದೇ ರೂಸ್‌ವೆಲ್ಟ್, ಕೂರಿಸಿ ಹಣ ಕೊಡುವುದು ಮನಸ್ಸಿಗೆ ಅಮಲೇರಿಸುವ ಮದ್ದು ಎಂದು 1935ರಲ್ಲಿ ಸಂಸತ್ತಿನ ಮುಂದೆಯೇ ಹೇಳಿದರು.

ಹಾಗೆ ಹೇಳಿ ತಂದದ್ದೇ ನನ್ನ ಫುಟ್‌ಪಾತಿನ ಡಬ್ಲ್ಯುಪಿಎ. ದುಡಿಯಬಲ್ಲವರಿಗೆ ಕೆಲಸ, ದುಡಿಯಲಾರದ ಮುದುಕರು, ರೋಗಿಗಳು ಮತ್ತೆ ರಾಜ್ಯಗಳ ಪಾಲಿಗೆ. (ಈ ಎರಡನೆಯ ಅರ್ಧವನ್ನು ಹೊಗಳುವವರು ಮರೆಯುತ್ತಾರೆ.) ಮನೆಗೊಬ್ಬರಿಗೆ ಮಾತ್ರ ಕೆಲಸ, ತಿಂಗಳಿಗೆ 19ರಿಂದ 94 ಡಾಲರ್, ಊರು ಮತ್ತು ಕಸುಬು ನೋಡಿ. ಎಂಟು ವರ್ಷದಲ್ಲಿ ಸುಮಾರು 85 ಲಕ್ಷ ಜನ ಇದರಲ್ಲಿ ದುಡಿದರು. ಆರೂವರೆ ಲಕ್ಷ ಮೈಲಿ ರಸ್ತೆ, ಸುಮಾರು 1.25 ಲಕ್ಷ ಕಟ್ಟಡ. ಸಲಿಕೆಗೆ ಒರಗಿ ನಿಂತ ಕೂಲಿಯವನ ವ್ಯಂಗ್ಯಚಿತ್ರ ಆ ಕಾಲದ ಪತ್ರಿಕೆಗಳ ತುಂಬ. ನಮ್ಮ ನರೇಗಾ ಬಗ್ಗೆ ಹೇಳುವ ಜೋಕುಗಳೆಲ್ಲ ಆಗಲೇ ಅಲ್ಲಿ ಹಳಸಿದ್ದವು. ಆದರೆ ಕೆಲಸವೆಂದರೆ ಸಲಿಕೆಯೊಂದೇ ಅಲ್ಲ ಎಂದು ಹಾಪ್ಕಿನ್ಸ್‌ಗೆ ಗೊತ್ತಿತ್ತು. ಕೆಂಟಕಿಯ ಗುಡ್ಡಗಾಡಿನಲ್ಲಿ ರಸ್ತೆಯೇ ಇಲ್ಲದ ಹಳ್ಳಿಗಳಿಗೆ ಹೆಂಗಸರು ಕುದುರೆ, ಹೇಸರಗತ್ತೆಗಳ ಮೇಲೆ ಚೀಲದಲ್ಲಿ ಪುಸ್ತಕ ಹೇರಿಕೊಂಡು ಹೊಳೆ ದಾಟಿ ಹೋಗುತ್ತಿದ್ದರು. ತಿಂಗಳಿಗೆ 28 ಡಾಲರ್. ಪುಸ್ತಕ ಸಾಲದಾದಾಗ ಹಳೆಯ ಮಾಸಿಕಗಳಿಂದ ಅಡುಗೆ, ಹೊಲಿಗೆಯ ಪುಟ ಕತ್ತರಿಸಿ ಅಂಟಿಸಿ ತಾವೇ ಪುಸ್ತಕ ಮಾಡಿದರು. ನಿರುದ್ಯೋಗಿ ಬರಹಗಾರರನ್ನು ಹಳ್ಳಿಹಳ್ಳಿಗೆ ಕಳಿಸಿ, ಗುಲಾಮರಾಗಿ ಹುಟ್ಟಿ ಇನ್ನೂ ಬದುಕಿದ್ದ ಮುದುಕ ಮುದುಕಿಯರ ಬಾಯಿಂದ 2,300ಕ್ಕೂ ಹೆಚ್ಚು ಬದುಕಿನ ಕಥೆ ಬರೆಸಿಕೊಂಡರು. ಇನ್ನು ಹತ್ತು ವರ್ಷ ತಡವಾಗಿದ್ದರೆ ಅವರಲ್ಲಿ ಎಷ್ಟು ಜನ ಉಳಿದಿರುತ್ತಿದ್ದರು? ನಮ್ಮಲ್ಲೂ ಧಾತು-ಈಶ್ವರ ಸಂವತ್ಸರದ ಬರದಲ್ಲಿ ಹಸಿದವರು ಹೊತ್ತ ಮಣ್ಣು ಬೆಂಗಳೂರು–ಮೈಸೂರು ರೈಲುಹಾದಿಯ ಕೆಳಗಿದೆ. ಅವರ ಕಥೆಯನ್ನು ಹೀಗೆ ಕೂತು ಬರೆದುಕೊಂಡವರಿಲ್ಲ.

ಎಲ್ಲವೂ ಹೀಗೆ ಮನಸ್ಸು ತುಂಬುವಂಥದ್ದಲ್ಲ. ಬೆಳೆಯ ಬೆಲೆ ಏರಿಸಲು 1933ರಲ್ಲಿ ರೈತರಿಗೆ ಹಣ ಕೊಟ್ಟು, ನಿಂತ ಹತ್ತಿಯನ್ನು ಸುಮಾರು ಒಂದು ಕೋಟಿ ಎಕರೆಯಲ್ಲಿ ಉತ್ತು ಹಾಕಿಸಿದರು. 60 ಲಕ್ಷ ಹಂದಿಗಳನ್ನು ಕೊಂದರು, ಊರೆಲ್ಲ ಹಸಿದಿರುವಾಗ. ಜನ ರೊಚ್ಚಿಗೆದ್ದ ಮೇಲೆ ಹೆಚ್ಚಾದ ಆಹಾರವನ್ನು ಬಡವರಿಗೆ ಮುಟ್ಟಿಸಲು ಬೇರೆ ನಿಗಮವೇ ಆಗಬೇಕಾಯಿತು. ಸಾಲು ತುಳಿಯದಂತೆ ಪಳಗಿಸಿದ್ದ ಹೇಸರಗತ್ತೆಗಳು ಹತ್ತಿ ಗಿಡದ ಮೇಲೆ ಕಾಲಿಡಲು ಒಪ್ಪಲಿಲ್ಲ ಎಂಬ ಕಥೆಯನ್ನು ದಕ್ಷಿಣದ ರಾಜ್ಯಗಳಲ್ಲಿ ಹೇಳುತ್ತಾರೆ. ಬೆಲೆಯೇನೋ ಏರಿತು. ಹಣ ಸೇರಿದ್ದು ಮಾತ್ರ ಭೂಮಾಲೀಕನಿಗೆ. ಸಾಗುವಳಿ ಕಡಿಮೆಯಾದ ಮೇಲೆ ಕೋರಿನ ಒಕ್ಕಲನ್ನು ಅವನು ಒಕ್ಕಲೆಬ್ಬಿಸಿದ. ಹತ್ತಿ ಬಿಡಿಸುವ ಕಾಲ ಬಂದರೆ ದಕ್ಷಿಣದಲ್ಲಿ ಡಬ್ಲ್ಯುಪಿಎ ಪಟ್ಟಿಯಿಂದ ಕೂಲಿಗಳನ್ನು ಬಿಡಿಸಿ ಹೊಲಕ್ಕೆ ಅಟ್ಟುತ್ತಿದ್ದರು, ಜಮೀನ್ದಾರನಿಗೆ ಅಗ್ಗದ ಆಳು ಸಿಗಲೆಂದು. ಉದ್ಯೋಗ ಖಾತರಿಯಿಂದಾಗಿ ನಾಟಿಗೆ ಆಳು ಸಿಗುತ್ತಿಲ್ಲ ಎಂದು ನನ್ನ ಭಾವಮೈದ ಗೊಣಗುವಾಗ ನನಗೆ ಇದೇ ನೆನಪಾಗುವುದು. ಆಳು ಸಿಗುತ್ತಿಲ್ಲ ಅಂದರೆ ಹಳೆಯ ಕೂಲಿಗೆ ಸಿಗುತ್ತಿಲ್ಲ ಎಂದರ್ಥ. 1935ರ ಸಾಮಾಜಿಕ ಭದ್ರತಾ ಕಾಯ್ದೆ ಮುದುಕರಿಗೆ ಪಿಂಚಣಿ ತಂದಿತು. ಆದರೆ ಹೊಲದ ಕೂಲಿ ಮತ್ತು ಮನೆಗೆಲಸದವರನ್ನು ಹೊರಗಿಟ್ಟಿತು. ದಕ್ಷಿಣದ ಕಪ್ಪು ಜನ ಬಹುಪಾಲು ಇದ್ದದ್ದು ಈ ಎರಡೇ ಕೆಲಸದಲ್ಲಿ.

ಈಗ ಆ ದಂಡದ ಮಾತು. 1933ರಿಂದ ನಾಲ್ಕು ವರ್ಷ ಆರ್ಥಿಕತೆ ಚೆನ್ನಾಗಿಯೇ ಏರಿತು. 1936ರಲ್ಲಿ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಚೇತರಿಕೆಯಾಯಿತಲ್ಲ, ಇನ್ನು ಪರಿಹಾರವೇಕೆ ಅನ್ನಿಸಿತು. ಅವರೂ ಒಳಗೊಳಗೆ ಆಯವ್ಯಯ ಸರಿದೂಗಬೇಕೆನ್ನುವ ಹಳೆಯ ಲೆಕ್ಕದ ಮನುಷ್ಯನೇ. ಒಂದೂವರೆ ವರ್ಷದಲ್ಲಿ ಡಬ್ಲ್ಯುಪಿಎ ಪಟ್ಟಿ ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು. ಪಿಂಚಣಿಯ ಹೊಸ ತೆರಿಗೆ 1937ರ ಜನವರಿಯಿಂದ ಸಂಬಳದಲ್ಲಿ ಮುರಿಯತೊಡಗಿತು. ಕೊಡುವುದು ಮಾತ್ರ ಮುಂದಿನ ಮಾತು. ಅತ್ತ ಕೇಂದ್ರ ಬ್ಯಾಂಕು, ಇತರ ಬ್ಯಾಂಕುಗಳು ತೆಗೆದಿಡಬೇಕಾದ ಮೀಸಲನ್ನು ದುಪ್ಪಟ್ಟು ಮಾಡಿತು. ಮೂರೂ ಒಟ್ಟಿಗೆ. ಆ ವರ್ಷದ ಕೊನೆಗೆ ಕಾರ್ಖಾನೆಗಳು ಮತ್ತೆ ಬಾಗಿಲು ಹಾಕಿದವು. ಶೇ 14ಕ್ಕೆ ಇಳಿದಿದ್ದ ನಿರುದ್ಯೋಗ 1938ರಲ್ಲಿ ಶೇ 19 ಮುಟ್ಟಿತು. ಕೂಲಿಯವನ ಕೈಗೆ ಹೋದ ಡಾಲರು ಸಂಜೆಯೊಳಗೆ ಅಂಗಡಿಗೆ, ಅಲ್ಲಿಂದ ಕಾರ್ಖಾನೆಗೆ ಹೋಗುತ್ತಿತ್ತು. ಬರೀ ದಯೆಯೆಂದುಕೊಂಡದ್ದೇ ಚೇತರಿಕೆಯ ಒಂದು ಕಾಲಾಗಿತ್ತು. ಏಪ್ರಿಲಿನಲ್ಲಿ ಅವರೇ 300 ಕೋಟಿ ಡಾಲರಿಗೂ ಮೀರಿದ ಹೊಸ ಖರ್ಚಿಗೆ ಸಂಸತ್ತಿನ ಮುಂದೆ ಹೋಗಬೇಕಾಯಿತು. ಪೂರ್ತಿ ಚೇತರಿಕೆ ಬಂದದ್ದು ಯುದ್ಧದ ಖರ್ಚಿನಿಂದ. 1943ರಲ್ಲಿ ನಿರುದ್ಯೋಗ ಶೇ 2ಕ್ಕಿಂತ ಕೆಳಗೆ. ಹಾಗಾಗಿ ರೂಸ್‌ವೆಲ್ಟ್ ಯೋಜನೆಗಳಿಂದ ಕುಸಿತ ಮುಗಿಯಲಿಲ್ಲ ಎನ್ನುವವರ ಮಾತು ಸುಳ್ಳಲ್ಲ. ಆದರೆ ಮುಗಿಯದ್ದು ಖರ್ಚು ಹೆಚ್ಚಾಗಿ ಅಲ್ಲ, ಸಾಲದೆ ಎಂಬುದು ನನ್ನ ಓದು. ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಅವರು ಪತ್ರ ಬರೆಯಲಿ.

ಆ ಶೇಕಡಾವಾರಿನಲ್ಲೇ ಒಂದು ಮೋಜಿದೆ. ಸ್ಟ್ಯಾನ್ಲಿ ಲೆಬರ್‌ಗಾಟ್ ಎಂಬ ಅರ್ಥಶಾಸ್ತ್ರಜ್ಞ ಸಿದ್ಧಪಡಿಸಿದ ಲೆಕ್ಕವನ್ನೇ ಬಹುಕಾಲ ಎಲ್ಲರೂ ಬಳಸುತ್ತಿದ್ದರು; ನಾನು ಮೇಲೆ ಕೊಟ್ಟ 14, 19 ಕೂಡ ಅವೇ. ಅದರಲ್ಲಿ ಸರ್ಕಾರದ ಪರಿಹಾರ ಕಾಮಗಾರಿಯಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಜನ ‘ನಿರುದ್ಯೋಗಿಗಳು’. 1976ರಲ್ಲಿ ಮೈಕಲ್ ಡಾರ್ಬಿ ಎಂಬವರು ಇದೇನು ನ್ಯಾಯ ಎಂದು ಅವರನ್ನೆಲ್ಲ ದುಡಿಯುವವರ ಸಾಲಿಗೆ ಸೇರಿಸಿ ಎಣಿಸಿದಾಗ 1936ರ ನಿರುದ್ಯೋಗ ಸುಮಾರು ಶೇ 17ರಿಂದ ಶೇ 10ಕ್ಕೆ ಇಳಿಯಿತು. ನಮ್ಮ ಸರ್ಕಾರಿ ಸಮೀಕ್ಷೆಗಳಲ್ಲಿ ಸಾರ್ವಜನಿಕ ಕಾಮಗಾರಿಯ ಕೂಲಿಗೆ ಪ್ರತ್ಯೇಕ ಸಂಕೇತವಿದೆ, ಕೆರೆಯ ಹೂಳೆತ್ತುವವಳು ಅಲ್ಲಿ ಉದ್ಯೋಗಸ್ಥಳೇ. ಅಮೆರಿಕದ 1940ರ ಜನಗಣತಿಯಲ್ಲೂ ಒಂದು ಬೇರೆ ಅಂಕಣ ಇತ್ತು: ಈ ವ್ಯಕ್ತಿ ಸಾಮಾನ್ಯ ಕೆಲಸದಲ್ಲಿಲ್ಲದಿದ್ದರೆ, ತುರ್ತು ಕಾಮಗಾರಿಯಲ್ಲಿದ್ದಾನೆಯೇ? ಆ ವರ್ಷ ಬರ್ಕ್‌ಲಿಯಲ್ಲಿ ಕಾಂಕ್ರೀಟು ಕಲಸಿ, ಮಟ್ಟ ಮಾಡಿ, ಆರುವ ಮೊದಲು ಮೂರು ಅಕ್ಷರ ಒತ್ತಿದವನು ಲೆಬರ್‌ಗಾಟರ ಪಟ್ಟಿಯಲ್ಲಿ ನಿರುದ್ಯೋಗಿ.

ವಾಪಸು ಬರುವ ಹಿಂದಿನ ದಿನ ಅದೇ ಜಾಗಕ್ಕೆ ಹೋಗಿ ನೋಡಿದೆ. ಅವನ ಹಾಸು ಇದ್ದಲ್ಲೇ ಇದೆ, ಒಂದು ಬಿರುಕಿಲ್ಲ. ಮೇಲೆದ್ದು ಚಕ್ರ ಹಿಡಿದದ್ದು ಪಕ್ಕದ್ದು, ಈಚೆಗೆ ಯಾರೋ ಕಂಟ್ರಾಕ್ಟರು ಹಾಕಿದ್ದು.